ಒಂದು ಕಣ್ಣಿಗೆ ಹಸಿರು, ಇನ್ನೊಂದಕ್ಕೆ ಕಪ್ಪು: ಈ ಜೀರುಂಡೆಯ ಕಥೆ ಏನು?

ಸಿದ್ದಾಪುರದ ಕಾಫಿಕಣ

ಎಲ್ಲರಿಗೂ ನಮಸ್ಕಾರ. ಇದು ತೋಟದ ಪ್ರಶ್ನೆಯೋ ವಿಜ್ಞಾನದ ಪ್ರಶ್ನೆಯೋ ಗೊತ್ತಾಗಲಿಲ್ಲ. ತಪ್ಪು ಜಾಗದಲ್ಲಿ ಹಾಕಿದ್ದರೆ ಬೈಯಬೇಡಿ.

ಮೊನ್ನೆ ರಾತ್ರಿ ಮಳೆ ನಿಂತ ಮೇಲೆ ಜಗಲಿಯ ಬಲ್ಬಿಗೆ ಹುಳುಗಳು ಮುತ್ತಿಕೊಂಡಿದ್ದವು. ಅದರಲ್ಲೊಂದು ಹಸಿರು ಜೀರುಂಡೆ. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುವ ಬೆನ್ನು. ನಮ್ಮ ತೋಟದ ಗೊಣ್ಣೆಹುಳು ಬೆಳೆದು ಆಗುತ್ತದಲ್ಲ, ಅದೇ ಬಳಗದ್ದು. ಮಗಳು ಅದನ್ನು ಹಿಡಿದು ಬಾಟಲಿಗೆ ಹಾಕಿಕೊಂಡಳು.

ಬೆಳಿಗ್ಗೆ ನೋಡಿದರೆ ಅವಳ ಮೂಗಿನ ಮೇಲೆ 3ಡಿ ಸಿನಿಮಾದ ಕನ್ನಡಕ. ಮೈಸೂರಿನಲ್ಲಿ ಸಿನಿಮಾ ನೋಡಿ ವಾಪಸ್ ಕೊಡದೆ ತಂದಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. "ಅಪ್ಪಾ, ಈ ಕಣ್ಣು ಮುಚ್ಚಿದರೆ ಹುಳ ಹಸಿರು, ಆ ಕಣ್ಣು ಮುಚ್ಚಿದರೆ ಕಪ್ಪು" ಎಂದಳು. ಸುಮ್ನೆ ಏನೋ ಹೇಳುತ್ತಿದ್ದಾಳೆ ಅಂದುಕೊಂಡು ನಾನೂ ಹಾಕಿ ನೋಡಿದೆ. ನಿಜ! ಒಂದು ಗಾಜಿನಲ್ಲಿ ಪಚ್ಚೆ ಹಸಿರು. ಇನ್ನೊಂದರಲ್ಲಿ ಹುರಿದ ಕಾಫಿ ಬೀಜದ ಬಣ್ಣ, ಹೊಳಪೇ ಇಲ್ಲ. ತಲೆಯನ್ನು ಅತ್ತಿತ್ತ ವಾಲಿಸಿ ನೋಡಿದೆ, ಬದಲಾಗಲಿಲ್ಲ. ಪಕ್ಕದಲ್ಲಿದ್ದ ಹಸಿರು ಎಲೆ ಮಾತ್ರ ಎರಡೂ ಗಾಜಿನಲ್ಲಿ ಒಂದೇ ಥರ ಕಂಡಿತು.

ಇದು ಹೇಗೆ?

ಮಂಜಿನ ಮಡಿಕೇರಿ

ಮೂರು ದಿನದಿಂದ ಕರೆಂಟ್ ಇಲ್ಲ ಅಣ್ಣ ನಮ್ಮ ಕಡೆ. ಇಲ್ಲಿ ಎರಡು ಕಣ್ಣಿಗೂ ಎಲ್ಲವೂ ಕಪ್ಪೇ.

ಗೋಣಿಕೊಪ್ಪ ಮೇಷ್ಟ್ರು

ಕಾಫಿಕಣ ಅವರೇ, ಮಗಳಿಗೆ ಬೈಯಬೇಡಿ. ಬಹಳ ಹಳೆಯ ವಿಷಯವನ್ನು ಅವಳು ತಾನಾಗಿಯೇ ಕಂಡುಹಿಡಿದಿದ್ದಾಳೆ. ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್, ಬೆಳಕಿನ ವೇಗ ಅಳೆದವರು, 1911ರಲ್ಲಿ ಒಂದು ಚಿನ್ನದ ಬಣ್ಣದ ಜೀರುಂಡೆಯಲ್ಲಿ ಇದೇ ಗುಣವನ್ನು ಗಮನಿಸಿದ್ದರು.

ಮೊದಲು ಕನ್ನಡಕದ ವಿಷಯ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪೈಪನ್ನು ನೆಲದ ಮೇಲೆ ಉದ್ದಕ್ಕೆ ಬಿಟ್ಟು, ಒಂದು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲೆ ಒಂದೇ ನೇರದಲ್ಲಿ ಹೋಗುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ಹೀಗೆ ಒಂದೇ ನೇರದಲ್ಲಿ ಆಡಿದರೆ ಅದು ರೇಖೀಯ ಧ್ರುವೀಕರಣ. ಈಗ ಕೈಯನ್ನು ಅಲ್ಲಾಡಿಸುವ ಬದಲು ಸುತ್ತಿಸಿ. ಪೈಪಿನಲ್ಲಿ ಸುರುಳಿ ಓಡುತ್ತದೆ ಅಲ್ವಾ? ಬೆಳಕೂ ಹೀಗೆ ಸುರುಳಿಯಾಗಿ ಹೋಗಬಲ್ಲದು. ಅದನ್ನು ವೃತ್ತೀಯ ಧ್ರುವೀಕರಣ ಎನ್ನುತ್ತಾರೆ. ಕೈಯನ್ನು ಎಡಕ್ಕೂ ಸುತ್ತಿಸಬಹುದು, ಬಲಕ್ಕೂ ಸುತ್ತಿಸಬಹುದು. ಹಾಗಾಗಿ ಎಡಗೈ ಬೆಳಕು, ಬಲಗೈ ಬೆಳಕು ಎಂದು ಎರಡು ಬಗೆ. ನಿಮ್ಮ ಮನೆಯ ಕನ್ನಡಕದಲ್ಲಿ ಒಂದು ಗಾಜು ಎಡವನ್ನು ಮಾತ್ರ ಒಳಗೆ ಬಿಡುತ್ತದೆ, ಇನ್ನೊಂದು ಬಲವನ್ನು ಮಾತ್ರ. ಸುರುಳಿಗೆ ಮೇಲೆ ಕೆಳಗೆ ಎಂಬುದಿಲ್ಲ. ಅದಕ್ಕೇ ತಲೆ ವಾಲಿಸಿದರೂ ನಿಮಗೆ ವ್ಯತ್ಯಾಸ ಕಾಣಲಿಲ್ಲ.

ಸೂರ್ಯನ ಬೆಳಕಿನಲ್ಲಿ ಎಡ ಬಲ ಎರಡೂ ಸಮ ಸಮ. ಎಲೆಯ ಹಸಿರು ಬಣ್ಣ ಎರಡನ್ನೂ ಒಂದೇ ಥರ ವಾಪಸ್ ಕಳಿಸುತ್ತದೆ. ಜೀರುಂಡೆಯ ಚಿಪ್ಪು ಎಡಗೈಯ ಹಸಿರನ್ನು ಮಾತ್ರ ವಾಪಸ್ ಕಳಿಸಿ ಬಲಗೈಯದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದದ್ದನ್ನು ಕೆಳಗಿನ ಕಪ್ಪು ಪದರ ನುಂಗುತ್ತದೆ. ಅಂದರೆ ಆ ಚಿಪ್ಪಿನ ಹಸಿರು ಬಣ್ಣ ಬಳಿದ ಹಸಿರಲ್ಲ. ಚಿಪ್ಪಿನ ಕಟ್ಟಡದಿಂದ ಬಂದ ಹಸಿರು.

ಸೋಮವಾರಪೇಟೆ ಸಿಲ್ವರ್

ಮೇಷ್ಟ್ರೇ, ಕಟ್ಟಡ ಅಂದಿರಿ. ಚಿಪ್ಪಿನೊಳಗೆ ಏನು ಕಟ್ಟಡ? ನಾನು ಸಿಲ್ವರ್ ಓಕ್ ಮರ ಕಡಿಸಿ ಪ್ಲೈವುಡ್ಡಿಗೆ ಕಳಿಸುವವನು, ನನ್ನ ಭಾಷೆಯಲ್ಲಿ ಹೇಳಿ.

ಗೋಣಿಕೊಪ್ಪ ಮೇಷ್ಟ್ರು

ಸರಿಯಾದವರೇ ಕೇಳಿದಿರಿ. ಇದಕ್ಕೆ ವಿಜ್ಞಾನಿಗಳು ಇಟ್ಟಿರುವ ಒಂದು ಹೆಸರೇ "ತಿರುಚಿದ ಪ್ಲೈವುಡ್".

ಪ್ಲೈವುಡ್ಡಿನಲ್ಲಿ ಒಂದು ಹಾಳೆಯ ನಾರು ಹೀಗೆ, ಮುಂದಿನದರ ನಾರು ಅಡ್ಡ. ಚಿಪ್ಪಿನಲ್ಲಿ ಕೈಟಿನ್ ಎಂಬ ವಸ್ತುವಿನ ನಾರುಗಳು. ಒಂದು ಪದರದಲ್ಲಿ ಎಲ್ಲ ನಾರೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅದರ ಮೇಲಿನ ಪದರ ಅಡ್ಡಡ್ಡ ಅಲ್ಲ, ಸ್ವಲ್ಪವೇ ತಿರುಗಿರುತ್ತದೆ. ಅದರ ಮೇಲಿನದು ಇನ್ನೂ ಸ್ವಲ್ಪ. ಹೀಗೆ ಪದರ ಪದರವಾಗಿ ಏರುತ್ತಾ ಒಂದು ಪೂರ್ತಿ ಸುತ್ತು ಬರುತ್ತದೆ. ಒಂದು ಸುತ್ತು ಮುಗಿಯಲು ಬೇಕಾದ ಎತ್ತರವನ್ನು ಸುತ್ತಳತೆ ಎನ್ನಬೇಡಿ, ಅದು ಅಂತರ. ಸ್ಕ್ರೂವಿನ ಎರಡು ಎಳೆಗಳ ನಡುವಿನ ಜಾಗ ಇದ್ದ ಹಾಗೆ.

ಲೆಕ್ಕ ಸುಲಭ. ವಾಪಸ್ ಬರುವ ಬೆಳಕಿನ ತರಂಗಾಂತರ ಅಂದರೆ ಈ ಅಂತರ ಗುಣಿಸು ಚಿಪ್ಪಿನ ವಕ್ರೀಭವನ ಸೂಚ್ಯಂಕ. ಸೂಚ್ಯಂಕ ಅಂದರೆ ಆ ವಸ್ತುವಿನೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಅಂಕಿ, ಕೈಟಿನ್ನಿಗೆ ಅದು ಸುಮಾರು 1.55. ಹಸಿರು ಬೆಳಕು 550 ನ್ಯಾನೊಮೀಟರ್. ಭಾಗಿಸಿ ನೋಡಿ, ಅಂತರ ಸುಮಾರು 355 ನ್ಯಾನೊಮೀಟರ್ ಬರುತ್ತದೆ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರ್, ನೆನಪಿರಲಿ. ಅಂತರ ಸ್ವಲ್ಪ ಜಾಸ್ತಿಯಾದರೆ ಅದೇ ಹುಳ ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಇದೇ ವಿನ್ಯಾಸ ಕೆಲವು ದ್ರವ ಹರಳುಗಳಲ್ಲೂ ಇದೆ. ದ್ರವದ ಹಾಗೆ ಹರಿದರೂ ಅಣುಗಳು ಸಾಲಾಗಿ ನಿಲ್ಲುವ ವಸ್ತುಗಳು ಅವು. ನಮ್ಮ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ 1961ರಲ್ಲಿ ಮೊದಲ ಮುಖ್ಯಸ್ಥರಾಗಿ ಬಂದ ಎಸ್. ಚಂದ್ರಶೇಖರ್ ಹೆಸರಾದದ್ದು ದ್ರವ ಹರಳುಗಳ ಮೇಲಿನ ಕೆಲಸಕ್ಕೇ. ನೊಬೆಲ್ ಬಂದ ಚಂದ್ರಶೇಖರ್ ಬೇರೆ, ಇವರು ಬೇರೆ. ಇಬ್ಬರೂ ರಾಮನ್ ಅವರ ಮನೆತನದವರೇ ಆದ್ದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಕುಟ್ಟದ ಅನುಮಾನ

ಕ್ಷಮಿಸಿ, ನಾನು ನಂಬುವುದಿಲ್ಲ. ಇವತ್ತು ನಾನೂ ಮಾಡಿ ನೋಡಿದೆ. ನಮ್ಮ ಮನೆಯಲ್ಲೂ ಒಂದು 3ಡಿ ಕನ್ನಡಕ ಇದೆ. ಉದ್ದ ದೇಹದ ಹೊಳೆಯುವ ಹಸಿರು ಜೀರುಂಡೆ ಒಂದು ಸತ್ತು ಬಿದ್ದಿತ್ತು, ಅದನ್ನು ನೋಡಿದೆ. ಎರಡು ಕಣ್ಣಿಗೂ ಒಂದೇ ಹಸಿರು. ನವಿಲುಗರಿಯನ್ನೂ ನೋಡಿದೆ. ಅದೂ ಅಷ್ಟೇ. ಅದೂ ಕಟ್ಟಡದ ಬಣ್ಣವೇ ಅಂತ ಓದಿದ್ದೇನೆ, ಮತ್ತೆ ಯಾಕೆ ಕಪ್ಪಾಗಲಿಲ್ಲ?

ಗೋಣಿಕೊಪ್ಪ ಮೇಷ್ಟ್ರು

ಅನುಮಾನ ಒಳ್ಳೆಯದೇ. ಆದರೆ ಮೊದಲು ಕನ್ನಡಕದ ಮೇಲೆ ಅನುಮಾನ ಪಡಿ. ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಗಾಜು ಕಪ್ಪಾಗಿ, ಮುಚ್ಚಿದ ಕಣ್ಣು ಕಾಣಿಸಿದರೆ ಅದು ವೃತ್ತೀಯ ಕನ್ನಡಕ. ತೆರೆದ ಕಣ್ಣೇ ಕಾಣಿಸಿ ಮುಚ್ಚಿದ ಕಡೆ ಕಪ್ಪಾದರೆ ಅದು ರೇಖೀಯ, ನಮಗೆ ಉಪಯೋಗ ಇಲ್ಲ.

ಕಾರಣ ಹೇಳಿಬಿಡುತ್ತೇನೆ, ಇದು ನನಗೆ ಬಹಳ ಇಷ್ಟದ ಭಾಗ. ಕನ್ನಡಿ ಸುರುಳಿಯ ಕೈ ಬದಲಿಸುತ್ತದೆ. ಎಡಗೈ ಬೆಳಕು ಕನ್ನಡಿಗೆ ಬಡಿದು ಬಲಗೈಯಾಗಿ ವಾಪಸ್ ಬರುತ್ತದೆ, ಬಂದ ಗಾಜೇ ಅದನ್ನು ಒಳಗೆ ಬಿಡುವುದಿಲ್ಲ. ಜೀರುಂಡೆ ಹಾಗಲ್ಲ. ಎಡಗೈ ಹೋದರೆ ಎಡಗೈಯಾಗಿಯೇ ವಾಪಸ್.

ಕುಟ್ಟದ ಅನುಮಾನ

ಕನ್ನಡಿ ನೋಡಿದೆ. ತೆರೆದ ಕಣ್ಣು ಕಪ್ಪು. ಕನ್ನಡಕ ಸರಿಯಾಗಿದೆ. ಹುಳದ ವಿಷಯಕ್ಕೆ ಉತ್ತರ ಬರಲಿಲ್ಲ.

ನ್ಯಾನೊ ಹುಡುಗಿ, ಊರು ವಿರಾಜಪೇಟೆ

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ವಿಷಯ. ಮೇಷ್ಟ್ರ ಮಾತಿನ ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ.

ಕುಟ್ಟದ ಅಣ್ಣ, ನಿಮ್ಮ ಹುಳ ಬೇರೆ ಬಳಗದ್ದು. ಹಿಂದೆ ಅದರ ರೆಕ್ಕೆಯನ್ನು ಬಟ್ಟೆಗೆ ಹೊಲಿದು ಕಸೂತಿ ಮಾಡುತ್ತಿದ್ದರು. ಅದರ ಚಿಪ್ಪಿನಲ್ಲಿ ಪದರಗಳಿವೆ, ಆದರೆ ಅವು ತಿರುಗುವುದಿಲ್ಲ, ಸುಮ್ನೆ ಒಂದರ ಮೇಲೊಂದು ಕೂತಿರುತ್ತವೆ. ನವಿಲುಗರಿಯಲ್ಲೂ ತಿರುಚು ಇಲ್ಲ. ಬಣ್ಣ ಕೊಡಲು ಪದರ ಸಾಕು. ಎಡ ಬಲ ಬೇರೆ ಮಾಡಲು ತಿರುಚು ಬೇಕೇ ಬೇಕು.

ಈ ಗುಣಕ್ಕೆ ಕೈರಾಲಿಟಿ ಎಂದು ಹೆಸರು. ಕೈ ಎಂಬ ನಮ್ಮ ಪದದಿಂದಲೇ ಬಂದಂತಿದೆ, ಆದರೆ ಅಲ್ಲ, ಅದು ಗ್ರೀಕ್. ಅಲ್ಲೂ ಅರ್ಥ ಕೈ ಎಂದೇ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಕೊಟ್ಟ ಹೆಸರು. ಕನ್ನಡಿಯಲ್ಲಿ ಕಾಣುವ ಬಿಂಬವನ್ನು ಮೂಲದ ಮೇಲೆ ಹೇಗೆ ತಿರುಗಿಸಿ ಇಟ್ಟರೂ ಹೊಂದದಿದ್ದರೆ ಆ ವಸ್ತುವಿಗೆ ಕೈ ಇದೆ ಎಂದರ್ಥ. ಎಡಗಾಲಿನ ಗಂಬೂಟು ಬಲಗಾಲಿಗೆ ಹೋಗುತ್ತದಾ? ಅಷ್ಟೇ ವಿಷಯ.

ಮಂಜಿನ ಮಡಿಕೇರಿ

ಮೆಣಸಿನ ಬಳ್ಳಿ ಮರ ಸುತ್ತಿಕೊಂಡು ಹೋಗುತ್ತಲ್ಲ, ಅದರ ಥರ ಅನ್ನಿ.

ಸೋಮವಾರಪೇಟೆ ಸಿಲ್ವರ್

ತಮ್ಮಾ, ತೋಟ ನೋಡಿದ್ದೀಯಾ? ಮೆಣಸಿನ ಬಳ್ಳಿ ಸುತ್ತುವುದಿಲ್ಲ. ಗಿಣ್ಣಿನಲ್ಲಿ ಬೇರು ಬಿಟ್ಟು ಮರಕ್ಕೆ ಅಂಟಿಕೊಂಡು ನೆಟ್ಟಗೆ ಹತ್ತುತ್ತದೆ. ಸುತ್ತುವ ಬಳ್ಳಿ ಬೇಕಿದ್ದರೆ ಪುತ್ತರಿ ಗೆಣಸಿನದ್ದು ನೋಡು. ಕೋಲಿನ ಮುಂದೆ ನಿಂತರೆ ಬಳ್ಳಿ ಎಡ ಕೆಳಗಿನಿಂದ ಬಲ ಮೇಲಕ್ಕೆ ಏರುತ್ತದೆ, ಸ್ಕ್ರೂವಿನ ಎಳೆಯ ಹಾಗೆಯೇ. ಕಾಡು ಗೆಣಸಿನಲ್ಲಿ ಕೆಲವು ಜಾತಿ ಇದರ ಉಲ್ಟಾ ಸುತ್ತುತ್ತವೆ. ಅಗೆಯುವವರು ಬಳ್ಳಿ ನೋಡಿಯೇ ಗೆಣಸಿನ ಜಾತಿ ಹೇಳುತ್ತಾರೆ.

ನ್ಯಾನೊ ಹುಡುಗಿ, ಊರು ವಿರಾಜಪೇಟೆ

ಸಿಲ್ವರ್ ಮಾವ, ಈ ಉದಾಹರಣೆಯನ್ನು ನನ್ನ ಥೀಸಿಸ್ಸಿಗೆ ಕದಿಯುತ್ತೇನೆ! ಇನ್ನೊಂದು ಮಾತು: ಆ ಬಳ್ಳಿಯನ್ನು ತಲೆಕೆಳಗಾಗಿ ಹಿಡಿದರೂ ಅದು ಬಲಗೈ ಸುರುಳಿಯೇ. ಸ್ಕ್ರೂವನ್ನು ಯಾವ ತುದಿಯಿಂದ ನೋಡಿದರೂ ಅದರ ಕೈ ಬದಲಾಗುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಸಕ್ಕರೆ, ಅಮೈನೊ ಆಮ್ಲ, ಕಿತ್ತಳೆ ಸಿಪ್ಪೆಯ ಎಣ್ಣೆ, ಇವುಗಳ ಅಣುಗಳಿಗೂ ಕೈ ಇದೆ. ಹಾಗಿದ್ದರೆ ಸಕ್ಕರೆಯೂ 3ಡಿ ಕನ್ನಡಕದಲ್ಲಿ ಒಂದು ಕಣ್ಣಿಗೆ ಬಿಳಿ, ಇನ್ನೊಂದಕ್ಕೆ ಕಪ್ಪು ಕಾಣಬೇಕಿತ್ತಲ್ಲ? ಕಾಣುವುದಿಲ್ಲ. ಕಾರಣ ಅಳತೆ. ಅಣುವಿನ ಗಾತ್ರ ಸುಮಾರು 1 ನ್ಯಾನೊಮೀಟರ್. ಬೆಳಕಿನ ಸುರುಳಿ ಒಂದು ಸುತ್ತು ಹಾಕಲು 400ರಿಂದ 700 ನ್ಯಾನೊಮೀಟರ್ ದೂರ ತೆಗೆದುಕೊಳ್ಳುತ್ತದೆ. ಅಷ್ಟು ದೊಡ್ಡ ಸುತ್ತಿನಲ್ಲಿ ಅಣು ಕಾಣುವುದು ಸಣ್ಣದೊಂದು ಚೂರನ್ನು ಮಾತ್ರ. ಮಡಿಕೇರಿ ಘಾಟಿಯ ತಿರುವಿನಲ್ಲಿ ಹೋಗುವ ಇರುವೆಗೆ ರಸ್ತೆ ನೆಟ್ಟಗೆ ಇದೆ ಅನ್ನಿಸುವುದಿಲ್ಲವೇ, ಹಾಗೆ. ಎಡ ಬಲ ಬೆಳಕನ್ನು ಹೀರುವುದರಲ್ಲಿ ಸಾಮಾನ್ಯ ಅಣುಗಳು ತೋರಿಸುವ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು, ಎಷ್ಟೋ ಸಲ ಇನ್ನೂ ಕಡಿಮೆ.

ಇದೇ ತಿರುಚನ್ನು ನೂರಾರು ನ್ಯಾನೊಮೀಟರ್ ಅಳತೆಯಲ್ಲಿ ಕಟ್ಟಿದರೆ ಕಥೆ ಬೇರೆ. ಜೀರುಂಡೆ ಮಾಡಿರುವುದು ಅದನ್ನೇ.

ಗೋಣಿಕೊಪ್ಪ ಮೇಷ್ಟ್ರು

ಇಲ್ಲಿ ನಮ್ಮವರನ್ನೊಬ್ಬರನ್ನು ನೆನೆಯಲೇಬೇಕು. 1898ರಲ್ಲಿ ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ ಈ ಅಳತೆಯ ಆಟವನ್ನು ಉಲ್ಟಾ ಆಡಿದರು. ಅಣುವನ್ನು ದೊಡ್ಡದು ಮಾಡಲು ಆಗುವುದಿಲ್ಲ, ಆದರೆ ಅಲೆಯನ್ನು ದೊಡ್ಡದು ಮಾಡಬಹುದಲ್ಲ? ಅವರ ಹತ್ತಿರ ಸೆಂಟಿಮೀಟರ್ ಲೆಕ್ಕದ ರೇಡಿಯೊ ಅಲೆಗಳಿದ್ದವು. ಸಣಬಿನ ನಾರಿನ ಕಟ್ಟುಗಳನ್ನು ಹುರಿ ಮಾಡಿ ಅಲೆಯ ದಾರಿಯಲ್ಲಿ ಇಟ್ಟರು. ಬಲಕ್ಕೆ ಹುರಿ ಮಾಡಿದ ಕಟ್ಟು ಧ್ರುವೀಕರಣವನ್ನು ಒಂದು ಕಡೆ ತಿರುಗಿಸಿತು, ಎಡಕ್ಕೆ ಹುರಿ ಮಾಡಿದ್ದು ಇನ್ನೊಂದು ಕಡೆ. ಸಕ್ಕರೆ ನೀರು ಬೆಳಕಿಗೆ ಮಾಡುವುದನ್ನು ಸಣಬು ರೇಡಿಯೊ ಅಲೆಗೆ ಮಾಡಿ ತೋರಿಸಿತು. ನಾವು ಕಾಫಿ ತುಂಬುವ ಗೋಣಿಚೀಲದ ಅದೇ ಸಣಬು!

ಕುಟ್ಟದ ಅನುಮಾನ

ಇದು ಚೆನ್ನಾಗಿದೆ. ಆದರೆ ಸುರುಳಿಗೆ ಸುರುಳಿ ಹೊಂದುತ್ತದೆ ಅಂದರೆ ಸಾಕಾ? ಬೆಳಕಿಗೂ ವಸ್ತುವಿಗೂ ನಡುವೆ ಏನು ನಡೆಯುತ್ತದೆ? ನಟ್ಟು ಬೋಲ್ಟಿನ ಹಾಗೆ ಬೆಳಕು ಒಳಗೆ ತಿರುಗಿಕೊಂಡು ಹೋಗುತ್ತದಾ?

ನ್ಯಾನೊ ಹುಡುಗಿ, ಊರು ವಿರಾಜಪೇಟೆ

ಒಳ್ಳೆಯ ಪ್ರಶ್ನೆ ಅಣ್ಣ. ನಟ್ಟು ಬೋಲ್ಟಿನ ಚಿತ್ರ ಅರ್ಧ ದಾರಿಯಲ್ಲಿ ಕೈ ಕೊಡುತ್ತದೆ. ಜೀರುಂಡೆ ಎಡಗೈ ಸುರುಳಿ, ಎಡಗೈ ಬೆಳಕು ಅದರೊಳಗೆ ಸಲೀಸಾಗಿ ತಿರುಗಿ ಹೋಗಬೇಕಿತ್ತಲ್ಲ? ಆದರೆ ಅದೇ ತಡೆದು ವಾಪಸ್ ಬರುವುದು.

ಚಿನ್ನದ ನ್ಯಾನೊ ಸುರುಳಿ ತೆಗೆದುಕೊಳ್ಳಿ. ಚಿನ್ನದೊಳಗೆ ಓಡಾಡುವ ಎಲೆಕ್ಟ್ರಾನುಗಳಿವೆ. ಬೆಳಕಿನ ವಿದ್ಯುತ್ ಕ್ಷೇತ್ರ ಬಿದ್ದರೆ ಕೊಡದಲ್ಲಿ ನೀರು ತುಳುಕಿದ ಹಾಗೆ ತುಳುಕುತ್ತವೆ. ನೆಟ್ಟಗಿನ ತಂತಿಯಾದರೆ ಮೇಲೆ ಕೆಳಗೆ ಮಾತ್ರ ಓಡುತ್ತವೆ. ಬಳೆಯಾದರೆ ಸುತ್ತ ಓಡುತ್ತವೆ, ಆಗ ಬಳೆ ಒಂದು ಸಣ್ಣ ಅಯಸ್ಕಾಂತ ಆಗುತ್ತದೆ. ಸುರುಳಿಯಲ್ಲಿ ಎರಡೂ ಒಟ್ಟಿಗೆ. ಸುತ್ತದೆ ಮೇಲೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಬೆಳಕಿನ ವಿದ್ಯುತ್ ಭಾಗ ಎಲೆಕ್ಟ್ರಾನನ್ನು ಮೇಲಕ್ಕೆ ತಳ್ಳುತ್ತದೆ, ಕಾಂತ ಭಾಗ ಸುತ್ತಲೂ ತಳ್ಳುತ್ತದೆ. ಒಂದು ಕೈಯ ಬೆಳಕಿನಲ್ಲಿ ಈ ಎರಡು ತಳ್ಳುಗಳೂ ಒಂದೇ ಕಡೆಗೆ, ಕೂಡಿಕೊಳ್ಳುತ್ತವೆ. ಇನ್ನೊಂದು ಕೈಯದರಲ್ಲಿ ಒಂದಕ್ಕೊಂದು ಎದುರಾಗಿ ಕಳೆದುಹೋಗುತ್ತವೆ. ಕೂಡಿದಾಗ ಚಿನ್ನ ಬೆಳಕನ್ನು ಜೋರಾಗಿ ಹೀರುತ್ತದೆ ಅಥವಾ ಚೆದುರಿಸುತ್ತದೆ. ಕಳೆದಾಗ ಬೆಳಕು ಸುಮ್ಮನೆ ದಾಟಿಹೋಗುತ್ತದೆ.

2009ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಇಂಥ ಚಿನ್ನದ ಸುರುಳಿಗಳನ್ನು ಸಾಲಾಗಿ ನಿಲ್ಲಿಸಿದರು. ತಮ್ಮ ಕೈಯದೇ ಅವಕೆಂಪು ಬೆಳಕನ್ನು, ಅಂದರೆ ಕೆಂಪಿನ ಆಚೆ ಕಣ್ಣಿಗೆ ಕಾಣದ ಬೆಳಕನ್ನು, ಅವು ತಡೆದವು, ಎದುರು ಕೈಯದನ್ನು ಬಿಟ್ಟವು. 2012ರಲ್ಲಿ ಇನ್ನೊಂದು ಗುಂಪು ಡಿಎನ್‌ಎಯನ್ನೇ ಮಡಚಿ ಕಂಬ ಮಾಡಿ, ಅದರ ಸುತ್ತ 10 ನ್ಯಾನೊಮೀಟರಿನ ಚಿನ್ನದ ಕಾಳುಗಳನ್ನು ಮೆಟ್ಟಿಲ ಹಾಗೆ ಕೂರಿಸಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2018ರ ಕೊರಿಯಾದ ಕೆಲಸ. ಅಲ್ಲಿ ಯಾವ ಯಂತ್ರವೂ ಸುರುಳಿ ಕೆತ್ತಲಿಲ್ಲ. ಚಿನ್ನದ ಕಣ ದ್ರಾವಣದಲ್ಲಿ ಬೆಳೆಯುವಾಗ ಸಿಸ್ಟೀನ್ ಎಂಬ ಅಮೈನೊ ಆಮ್ಲ ಹಾಕಿದರು. ಅಣುವಿನ ಕೈ ಚಿನ್ನಕ್ಕೆ ಅಂಟಿಕೊಂಡು, ಘನಾಕೃತಿಯ ಕಣದ ಮುಖಗಳೇ ತಿರುಚಿಕೊಂಡು ಬೆಳೆದವು. ಎದುರು ಕೈಯ ಸಿಸ್ಟೀನ್ ಹಾಕಿದರೆ ಎದುರು ತಿರುಚು. 1 ನ್ಯಾನೊಮೀಟರಿನ ಗುಣ ನೂರಕ್ಕೂ ಹೆಚ್ಚು ನ್ಯಾನೊಮೀಟರಿಗೆ ಹತ್ತಿ ಬಂತು! ಎಡ ಬಲದ ವ್ಯತ್ಯಾಸವನ್ನು ಅಳೆಯಲು ಒಂದು ಅಂಕಿ ಇದೆ, ಗರಿಷ್ಠ 2. ಅಣುಗಳಲ್ಲಿ 0.001 ಸಿಕ್ಕರೆ ಖುಷಿ. ಆ ಕೊರಿಯಾದ ಗುಂಪಿನ ಒಂದು ಬಗೆಯ ಚಿನ್ನದ ಕಣದಲ್ಲಿ 0.2 ಬಂತು.

ಸೋಮವಾರಪೇಟೆ ಸಿಲ್ವರ್

ನಿಮ್ಮ ಲ್ಯಾಬಿನಲ್ಲಿ ಏನು ಮಾಡುತ್ತೀರಿ ಮಗಳೇ? ಅಷ್ಟು ಸಣ್ಣ ಸ್ಕ್ರೂ ಮಾಡಲು ಯಾರ ಕೈಲಿ ಆಗುತ್ತದೆ?

ನ್ಯಾನೊ ಹುಡುಗಿ, ಊರು ವಿರಾಜಪೇಟೆ

ಮಾವ, ಅಮ್ಮ ನೂಲ್‌ಪುಟ್ಟು, ಅದೇ ಅಕ್ಕಿ ಶ್ಯಾವಿಗೆ, ಒತ್ತುವುದನ್ನು ನೆನಪಿಸಿಕೊಳ್ಳಿ. ಒರಳು ಒಂದೇ ಕಡೆ ಇರುತ್ತದೆ, ಕೆಳಗಿನ ತಟ್ಟೆ ತಿರುಗಿಸಿದರೆ ಎಳೆ ತಾನಾಗಿ ಸುರುಳಿ ಬೀಳುತ್ತದೆ ಅಲ್ವಾ? ನಾವು ಗಾಳಿ ತೆಗೆದ ಡಬ್ಬಿಯೊಳಗೆ ಗಾಜಿನ ಆವಿಯನ್ನು ತೀರಾ ಓರೆಯಾಗಿ ಹಾಯಿಸುತ್ತೇವೆ. ಅದು ಬೀಳುವ ತಟ್ಟೆ ನಿಧಾನ ತಿರುಗುತ್ತಿರುತ್ತದೆ. ಮೊದಲು ಬಿದ್ದ ಕಣದ ನೆರಳಿನಲ್ಲಿ ಮುಂದಿನದು ಬೀಳುವುದಿಲ್ಲ, ಹಾಗಾಗಿ ಕಂಬ ಕಂಬವಾಗಿ ಬೆಳೆಯುತ್ತದೆ, ತಟ್ಟೆ ತಿರುಗಿದಂತೆ ಕಂಬ ಸುರುಳಿಯಾಗುತ್ತದೆ. ತಟ್ಟೆಯನ್ನು ಉಲ್ಟಾ ತಿರುಗಿಸಿದರೆ ಸುರುಳಿಯ ಕೈ ಬದಲು. ಆಮೇಲೆ ಬೆಳ್ಳಿಯೋ ಚಿನ್ನವೋ ಕೂರಿಸುತ್ತೇವೆ. 2009ರಲ್ಲಿ ಅಂಬರೀಶ್ ಘೋಷ್ ಮತ್ತು ಪೀರ್ ಫಿಶರ್ ಇಂಥ ಗಾಜಿನ ಸ್ಕ್ರೂಗಳನ್ನು ಅಯಸ್ಕಾಂತ ತೋರಿಸಿ ದ್ರವದಲ್ಲಿ ಈಜಾಡಿಸಿದರು. ಘೋಷ್ ಅವರ ಗುಂಪು ಈಗ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ.

ನನ್ನದು ಕಳೆದ ವಾರ ಒಂದು ಇಡೀ ಬ್ಯಾಚ್ ಹಾಳಾಯಿತು. ತಟ್ಟೆ ತಿರುಗಿಸುವ ಮೋಟಾರ್ ಮಧ್ಯದಲ್ಲಿ ನಿಂತುಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಳಗರ್ಧ ಸುರುಳಿ, ಮೇಲರ್ಧ ಓರೆಯಾಗಿ ಬೆಳೆದ ಕಡ್ಡಿ. ಗಾಳಿಗೆ ಬಾಗಿದ ಬತ್ತದ ಗದ್ದೆಯ ಹಾಗೆ.

ಜೇನುಗೂಡು, ಭಾಗಮಂಡಲ

ಇದರಿಂದ ಜೇನು ಪರೀಕ್ಷೆ ಮಾಡಬಹುದಾ? ಹೋದ ವರ್ಷ ಒಂದು ಅಂಗಡಿಯಿಂದ ಕೊಡಗಿನ ಜೇನು ಎಂದು ತಂದದ್ದು ಫ್ರಿಜ್ಜಿನಲ್ಲೂ ಇಡದೆ ಬಾಟಲಿ ತುಂಬ ಸಕ್ಕರೆ ಕಲ್ಲು.

ಗೋಣಿಕೊಪ್ಪ ಮೇಷ್ಟ್ರು

ಸಕ್ಕರೆ ಕಟ್ಟಿದ್ದಕ್ಕೆ ಮಾತ್ರ ಬೈಯಬೇಡಿ, ಅಪ್ಪಟ ಜೇನೂ ಹರಳುಗಟ್ಟುತ್ತದೆ. ಪರೀಕ್ಷೆ ಒಂದು ಮಟ್ಟಕ್ಕೆ ಆಗುತ್ತದೆ. ರೇಖೀಯ ಧ್ರುವೀಕೃತ ಬೆಳಕು ಅಂದರೆ ಎಡ ಬಲ ಎರಡು ಸುರುಳಿ ಸಮವಾಗಿ ಸೇರಿದ್ದು. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲೇ ಇದನ್ನು ಹೇಳಿದ. ಸಕ್ಕರೆ ದ್ರಾವಣದಲ್ಲಿ ಒಂದು ಸುರುಳಿ ಇನ್ನೊಂದಕ್ಕಿಂತ ಕೊಂಚ ನಿಧಾನ. ಒಂದೊಂದು ಅಣುವಿನ ವ್ಯತ್ಯಾಸ ಸಣ್ಣದು, ಆದರೆ ಉದ್ದದ ಕೊಳವೆಯಲ್ಲಿ ಕೋಟಿ ಕೋಟಿ ಅಣು ದಾಟುವಾಗ ಕೂಡುತ್ತಾ ಹೋಗಿ ಬೆಳಕಿನ ನೇರವೇ ತಿರುಗಿಬಿಡುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಅಳೆಯುವುದು ಹೀಗೆಯೇ. ಕಬ್ಬಿನ ಸಕ್ಕರೆ ಬಲಕ್ಕೆ ತಿರುಗಿಸುತ್ತದೆ. ಹೂವಿನ ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ, ಅದು ಎಡಕ್ಕೆ ತಿರುಗಿಸುತ್ತದೆ. ಸಕ್ಕರೆ ಪಾಕ ಬೆರೆಸಿದ್ದರೆ ಎಡದ ತಿರುವು ಕಡಿಮೆಯಾಗುತ್ತದೆ. ಆದರೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಮೊದಲೇ ಒಡೆದ ಸಕ್ಕರೆಯ ಪಾಕ ಬೆರೆಸಿದ ಕಳ್ಳ ಇದರಲ್ಲಿ ಸಿಗುವುದಿಲ್ಲ, ಅದೂ ಎಡಕ್ಕೇ ತಿರುಗಿಸುತ್ತದೆ.

ಮನೆಯಲ್ಲಿ ನೋಡಬೇಕಿದ್ದರೆ ಲ್ಯಾಪ್‌ಟಾಪಿನ ಬಿಳಿ ಪರದೆ ಮುಂದೆ ಗಟ್ಟಿ ಜಾಮೂನು ಪಾಕದ ಲೋಟ ಇಟ್ಟು, ಪೋಲರಾಯ್ಡ್ ತಂಪು ಕನ್ನಡಕವನ್ನು ತಿರುಗಿಸುತ್ತಾ ನೋಡಿ. ಪಾಕದಲ್ಲಿ ಬಣ್ಣ ಬದಲಾಗುತ್ತದೆ.

ಕುಟ್ಟದ ಅನುಮಾನ

ಪಾಕ ಮಾಡಿ ನೋಡಿದೆ. ನೀಲಿ, ನೇರಳೆ, ಆಮೇಲೆ ಹಳದಿ. ಹೆಂಡತಿ ಜಾಮೂನು ಎಲ್ಲಿ ಎಂದು ಕೇಳುತ್ತಿದ್ದಾಳೆ.

ಇನ್ನೊಂದು ಅನುಮಾನ. ಎಡಗೈ ಬೆಳಕು ಎಂದು ಎಲ್ಲರೂ ಬರೆಯುತ್ತಿದ್ದೀರಿ. ಯಾವ ಕಡೆಯಿಂದ ನೋಡಿದಾಗ ಎಡ? ನನ್ನ ತಮ್ಮ ಆಂಟೆನಾ ಎಂಜಿನಿಯರ್, ಅವನು ಉಲ್ಟಾ ಹೇಳುತ್ತಾನೆ.

ಗೋಣಿಕೊಪ್ಪ ಮೇಷ್ಟ್ರು

ನಿಮ್ಮ ತಮ್ಮನೂ ಸರಿ. ಬೆಳಕು ತನ್ನ ಕಡೆಗೆ ಬರುತ್ತಿದೆ ಎಂದು ಎದುರು ನಿಂತು ನೋಡುವುದು ಹಳೆಯ ಬೆಳಕಿನ ಪುಸ್ತಕಗಳ ರೂಢಿ. ಎಂಜಿನಿಯರುಗಳು ಅಲೆಯ ಹಿಂದೆ ನಿಂತು ನೋಡುತ್ತಾರೆ. ಎರಡು ಹೆಸರು ಅದಲು ಬದಲು ಆಗುತ್ತವೆ. ನಾನು ಬರೆದದ್ದೆಲ್ಲ ಮೊದಲನೆಯ ರೂಢಿಯಲ್ಲಿ. ಈ ಜಗಳದಲ್ಲಿ ನಾನು ಎಷ್ಟೋ ಉತ್ತರ ಪತ್ರಿಕೆಗಳಿಗೆ ತಪ್ಪಾಗಿ ಅಂಕ ಕಳೆದಿರಬಹುದು, ಆ ಮಕ್ಕಳು ಇಲ್ಲಿದ್ದರೆ ಕ್ಷಮಿಸಿ.

ಮಂಜಿನ ಮಡಿಕೇರಿ

ಸರ್, ನಾನಿದ್ದೇನೆ. 2 ಅಂಕ.

ಸಿದ್ದಾಪುರದ ಕಾಫಿಕಣ

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಅವಳ ಪ್ರಶ್ನೆ ಒಂದೇ: ಹುಳಕ್ಕೆ ತನ್ನ ಗೆಳೆಯನ ಬೆನ್ನಿನ ಎಡಗೈ ಬೆಳಕು ಗೊತ್ತಾಗುತ್ತದಾ?

ನ್ಯಾನೊ ಹುಡುಗಿ, ಊರು ವಿರಾಜಪೇಟೆ

ಪುಟ್ಟಿಗೆ ಹೇಳಿ, ಜೀರುಂಡೆಗಳ ವಿಷಯದಲ್ಲಿ ವಿಜ್ಞಾನಿಗಳೇ ಇನ್ನೂ ಜಗಳ ಆಡುತ್ತಿದ್ದಾರೆ. ಸಮುದ್ರದ ಮ್ಯಾಂಟಿಸ್ ಸಿಗಡಿಗೆ ಮಾತ್ರ ಖಂಡಿತ ಗೊತ್ತಾಗುತ್ತದೆ. 2008ರಲ್ಲಿ ಅದನ್ನು ತೋರಿಸಿದರು. ಅದಕ್ಕೆ ಕನ್ನಡಕ ಬೇಡ, ಕಣ್ಣಿನೊಳಗೇ ಆ ಗಾಜು ಇದೆ.

ಬಾಟಲಿಯ ಹುಳ ಬದುಕಿದೆಯಾ? ಬಿಡುವ ಮೊದಲು ಹೊಟ್ಟೆಯ ಕಡೆಯೂ ಒಮ್ಮೆ ನೋಡಿ.

ಸಿದ್ದಾಪುರದ ಕಾಫಿಕಣ

ನೋಡಿದೆವು. ಹೊಟ್ಟೆ ತಾಮ್ರದ ಬಣ್ಣ, ಅದೂ ಅದೇ ಕಣ್ಣಿಗೆ ಕಪ್ಪಾಯಿತು. ಕಾಲು ಕೂಡ. ಆಮೇಲೆ ಹಾಲವಾಣದ ಮೇಲೆ ಬಿಟ್ಟೆವು. ಮಗಳು ಕನ್ನಡಕ ಹಾಕಿಕೊಂಡೇ ನಿಂತಿದ್ದಳು. ಒಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಹಾರಿಹೋಯಿತು.